ಮೊದಲಿನ ಹಾಗೆ

ತಲೆಪೆಟ್ಟಿನ ವಾರ್ಡಿನಲ್ಲಿ ಅವಳಿಗೆ ಅರೆ ಡಾಕ್ಟರು ಎಂದೇ ಹೆಸರು. ಎದೆಯ ಮೇಲಿನ ಬಿಲ್ಲೆಯಲ್ಲಿ ಫಿಸಿಷಿಯನ್ ಅಸಿಸ್ಟೆಂಟ್ ಎಂದು ಬರೆದಿತ್ತಾದರೂ ಆ ಉದ್ದದ ಹೆಸರು ಯಾರ ನಾಲಗೆಗೂ ಹೊರಳುತ್ತಿರಲಿಲ್ಲ. ಹಿಂದೊಮ್ಮೆ ಮುದುಕ ರೋಗಿಯೊಬ್ಬ ತಲೆಗೆ ಸುತ್ತಿದ್ದ ಪಟ್ಟಿಯ ಅಡಿಯಿಂದ ಅವಳನ್ನು ದಿಟ್ಟಿಸಿ, ನೀನು ಡಾಕ್ಟರೋ ನರ್ಸೋ ಎಂದು ಕೇಳಿದ್ದ. ಎರಡೂ ಅರ್ಧರ್ಧ ತಾತ ಎಂದು ಅವಳು ಅಂದದ್ದೇ ತಡ, ಪಕ್ಕದ ಹಾಸಿಗೆಯವರು ನಕ್ಕರು, ಹೆಸರು ಅಂಟಿಕೊಂಡಿತು. ಅವಳಿಗೂ ಅದು ಬೇಸರದ ಹೆಸರಾಗಿರಲಿಲ್ಲ.

ಅವಳು ಮೊದಲು ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಮದುವೆ, ಮಕ್ಕಳು ಎಲ್ಲ ಆದಮೇಲೆ ಮತ್ತೆ ಪುಸ್ತಕ ಹಿಡಿದು ಓದಿ, ಪರೀಕ್ಷೆ ಪಾಸು ಮಾಡಿ ಈ ಕೆಲಸಕ್ಕೆ ಬಂದಿದ್ದಳು. ತಲೆಬುರುಡೆ ತೆರೆಯುವುದು ದೊಡ್ಡ ಡಾಕ್ಟರ ಕೆಲಸ. ಅದಕ್ಕೆ ಮೊದಲಿನದೂ ಆಮೇಲಿನದೂ ಬಹುಪಾಲು ಇವಳದು. ಕಣ್ಣಿಗೆ ಟಾರ್ಚ್ ಬಿಟ್ಟು ಪಾಪೆ ಕುಗ್ಗುತ್ತದೋ ಇಲ್ಲವೋ ನೋಡುವುದು, ಕಿವಿಯ ಹತ್ತಿರ ಬಾಗಿ ಕರೆಯುವುದು, ಬೆರಳು ಹಿಡಿಸಿ ಅಮುಕಿ ನೋಡೋಣ ಎನ್ನುವುದು, ಹೊಲಿಗೆ ಹಾಕುವುದು, ಬಿಚ್ಚುವುದು, ಏನಾದರೂ ಎಡವಟ್ಟು ಕಂಡರೆ ದೊಡ್ಡ ಡಾಕ್ಟರಿಗೆ ಫೋನು ಮಾಡುವುದು. ಕಲಿಯಲು ಬರುವ ಎಳೆಯ ಡಾಕ್ಟರುಗಳು ಕೆಲವು ತಿಂಗಳಿದ್ದು ಬೇರೆ ವಾರ್ಡಿಗೆ ಹೋಗುತ್ತಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಲ್ಲೇ ಇರುತ್ತಿದ್ದವಳು ಇವಳೊಬ್ಬಳು.

ಇದಲ್ಲದೆ ಇನ್ನೊಂದು ಕೆಲಸವೂ ಅವಳ ಪಾಲಿಗೆ ಬಂದಿತ್ತು. ಯಾರೂ ಹಂಚಿಕೊಟ್ಟದ್ದಲ್ಲ, ತಾನಾಗಿ ಬಂದದ್ದು. ಮನೆಯವರೊಡನೆ ಮಾತಾಡುವುದು. ದೊಡ್ಡ ಡಾಕ್ಟರ ಕೈ ಎಷ್ಟು ಚುರುಕೋ ಬಾಯಿ ಅಷ್ಟು ಮೊಂಡು. ಆಪರೇಷನ್ ಕೋಣೆಯಿಂದ ಹೊರಬಂದು ನಿಂತಲ್ಲೇ ಎರಡು ಮಾತಾಡುತ್ತಿದ್ದರು, ಅದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕೇಳಿದವರಿಗೆ ಬದುಕಿದನೆಂದು ಅಳಬೇಕೋ ಸತ್ತನೆಂದು ಅಳಬೇಕೋ ತಿಳಿಯುತ್ತಿರಲಿಲ್ಲ. ಅವರು ಬೆನ್ನು ತಿರುಗಿಸಿದ ಮೇಲೆ ಎಲ್ಲರ ಕಣ್ಣೂ ಅರೆ ಡಾಕ್ಟರ ಕಡೆಗೆ ತಿರುಗುತ್ತಿತ್ತು.

ಹಾಗೆ ತಿರುಗಿದ ಕಣ್ಣುಗಳಲ್ಲಿ ಒಂದು ಜೊತೆ ಒಬ್ಬ ಬಸ್ ಕಂಡಕ್ಟರನ ಹೆಂಡತಿಯದು.

ಕಂಡಕ್ಟರನನ್ನು ಬಸ್ ಡಿಪೋದಲ್ಲಿ ಚಟಾಕಿ ಎಂದು ಕರೆಯುತ್ತಿದ್ದರು. ಬಾಯಿ ತೆರೆದರೆ ತಮಾಷೆ. ಅವನ ಬಸ್ಸಿಗಾಗಿ ಎರಡು ಬಸ್ಸು ಬಿಟ್ಟು ಕಾಯುವವರಿದ್ದರಂತೆ. ಅವನ ಹೆಂಡತಿ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. ಅವಳು ಅವನನ್ನು ಕಂಡದ್ದೂ ಬಸ್ಸಿನಲ್ಲೇ. ದಿನವೂ ಕಿಟಕಿಯ ಪಕ್ಕ ಮುಖ ಗಂಟಿಕ್ಕಿ ಕೂರುತ್ತಿದ್ದ ಹುಡುಗಿಯ ಹತ್ತಿರ ಒಂದು ದಿನ ಅವನು ಬಾಗಿ, ಮೇಡಂ ನಗುವಿಗೆ ಲಗೇಜ್ ಚಾರ್ಜ್ ಇಲ್ಲ, ಜೊತೆಗೆ ತರಬಹುದು ಎಂದಿದ್ದ. ಅವಳು ನಗಬಾರದೆಂದು ತುಟಿ ಕಚ್ಚಿದ್ದಳು, ಆದರೂ ನಕ್ಕಿದ್ದಳು. ಅವರ ಸಂಸಾರವೆಲ್ಲ ಆ ನಗುವಿನ ಮೇಲೆಯೇ ಕಟ್ಟಿದ್ದು. ಶಾಲೆಗೆ ಹೋಗುವ ಒಬ್ಬಳು ಮಗಳಿದ್ದಳು.

ಅಪಘಾತ ದೊಡ್ಡದೇನಲ್ಲ. ಸೈಕಲ್ಲಿನವನೊಬ್ಬ ಅಡ್ಡ ಬಂದ, ಡ್ರೈವರು ಗಕ್ಕನೆ ಬ್ರೇಕ್ ಹಾಕಿದ, ಮುಂದೆ ನಿಂತು ಟಿಕೆಟ್ ಹರಿಯುತ್ತಿದ್ದ ಚಟಾಕಿ ಮುಗ್ಗರಿಸಿ ಹಣೆಯನ್ನು ಕಬ್ಬಿಣದ ಕಂಬಕ್ಕೆ ಹೊಡೆದುಕೊಂಡ. ಎದ್ದು ನಿಂತ. ಹಣೆ ಉಜ್ಜಿಕೊಂಡು, ಮುಂದಿನ ಸ್ಟಾಪ್ ಆಸ್ಪತ್ರೆ, ಇಳಿಯೋರು ಮುಂದೆ ಬನ್ನಿ ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಆ ನಗು ನಿಲ್ಲುವ ಮೊದಲೇ ಅವನು ಮೊಣಕಾಲು ಮಡಿಸಿಕೊಂಡು ಕುಸಿದ.

ಬುರುಡೆಯ ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಮಿದುಳಿನ ಮುಂಭಾಗ, ಹಣೆಯ ಹಿಂದಿನದು, ಜಜ್ಜಿಹೋಗಿತ್ತು. ದೊಡ್ಡ ಡಾಕ್ಟರು ಹೆಪ್ಪು ತೆಗೆದರು. ಹೊರಬಂದು, ಜೀವಕ್ಕೆ ಸದ್ಯ ತೊಂದರೆಯಿಲ್ಲ, ಮಿಕ್ಕದ್ದು ನೋಡೋಣ ಎಂದು ಹೇಳಿ ಇನ್ನೊಂದು ಆಪರೇಷನ್ನಿಗೆ ಹೋದರು.

ಹೆಂಡತಿ ಗೋಡೆಗೆ ಒರಗಿ ನೆಲದ ಮೇಲೇ ಕೂತಿದ್ದಳು. ಅಂಗಡಿಯಿಂದ ಹಾಗೇ ಓಡಿಬಂದಿದ್ದವಳ ಬೆರಳ ತುದಿಗಳಿಗೆ ಗಾಜಿನ ಬಿಳಿ ಪುಡಿ ಮೆತ್ತಿತ್ತು. ಚಪ್ಪಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅರೆ ಡಾಕ್ಟರು ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಆಪರೇಷನ್ ಏನು, ಎಲ್ಲಿ ಕತ್ತರಿಸಿದ್ದಾರೆ, ಇನ್ನೆಷ್ಟು ಹೊತ್ತಿಗೆ ಮುಖ ನೋಡಬಹುದು ಎಂದೆಲ್ಲ ಬಿಡಿಸಿ ಹೇಳಿದಳು. ಆ ಹೆಂಗಸಿನ ಕಿವಿಗೆ ಅದೊಂದೂ ಹೋದಂತೆ ಕಾಣಲಿಲ್ಲ.

“ಬಸ್ಸಲ್ಲಿ ಬಿದ್ದಮೇಲೂ ಎಲ್ಲರನ್ನ ನಗಿಸಿದ್ರಂತೆ ಮೇಡಂ” ಎಂದಳು. “ಮತ್ತೆ ಮೊದಲಿನ ಹಾಗೆ ಆಗ್ತಾರಾ? ಅಷ್ಟು ಹೇಳಿ ಸಾಕು.”

ಅರೆ ಡಾಕ್ಟರಿಗೆ ಉತ್ತರ ಗೊತ್ತಿತ್ತು. ಹಣೆಯ ಹಿಂದಿನ ಭಾಗ ಜಜ್ಜಿಹೋದವರನ್ನು ಅವಳು ಬಹಳ ನೋಡಿದ್ದಳು. ಅವರು ನಡೆಯುತ್ತಾರೆ, ಉಣ್ಣುತ್ತಾರೆ, ಲೆಕ್ಕ ಮಾಡುತ್ತಾರೆ. ಆದರೆ ಮನೆಗೆ ಹೋಗುವವನು ಬೇರೆ ಮನುಷ್ಯ. ಸಾಧುವಾಗಿದ್ದವನು ಸಿಡುಕನಾಗುತ್ತಾನೆ, ಮಾತುಗಾರ ಮೌನಿಯಾಗುತ್ತಾನೆ. ಒಂದೊಂದು ಸಲ ಹಾಗಾಗದೆಯೂ ಉಳಿಯುತ್ತದೆ. ಈಗಲೇ ಏನೂ ಹೇಳಲಿಕ್ಕೆ ಬರುವುದಿಲ್ಲ ಎನ್ನುವುದೇ ಸರಿಯಾದ ಮಾತು. ಅವಳು ಬಾಯಿ ತೆರೆದದ್ದೂ ಅದನ್ನೇ ಹೇಳಲೆಂದು. ಆದರೆ ಆ ಅದಲುಬದಲು ಚಪ್ಪಲಿ ಕಣ್ಣಿಗೆ ಬಿತ್ತು.

“ಆಗ್ತಾರೆ” ಎಂದಳು. “ನೋಡ್ತಿರಿ, ನಿಮ್ಮನ್ನ ನಗಿಸಿ ನಗಿಸಿ ಸುಸ್ತು ಮಾಡ್ತಾರೆ.”

ಆ ಹೆಂಗಸು ಅವಳ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಅರೆ ಡಾಕ್ಟರಿಗೆ ಆ ಗಳಿಗೆಯಲ್ಲಿ ತಾನು ತಪ್ಪು ಮಾಡಿದೆ ಅನ್ನಿಸಲಿಲ್ಲ. ಮುಳುಗುವವಳ ಕೈಗೆ ಹುಲ್ಲುಕಡ್ಡಿ ಕೊಟ್ಟೆ, ದಡ ಸೇರಿದ ಮೇಲೆ ಅವಳೇ ಅದನ್ನು ಬಿಟ್ಟುಬಿಡುತ್ತಾಳೆ ಅಂದುಕೊಂಡಳು.

ಚಟಾಕಿಗೆ ಎಚ್ಚರವಾಗಲು ಕೆಲವು ದಿನ ಹಿಡಿಯಿತು. ಕಣ್ಣು ಬಿಟ್ಟವನು ಮೊದಲು ನೀರು ಕೇಳಿದ. ಹೆಂಡತಿ ಹಾಸಿಗೆಯ ಪಕ್ಕ ನಿಂತು, ಇನ್ನೇನು ಹೇಳುತ್ತಾನೆ ಎಂದು ಅವನ ತುಟಿಯನ್ನೇ ನೋಡುತ್ತಿದ್ದಳು. ಅವನು ನೀರು ಕುಡಿದು ಗೋಡೆಯ ಕಡೆ ಹೊರಳಿದ. ಆಮೇಲಿನ ದಿನಗಳಲ್ಲಿ ಅರೆ ಡಾಕ್ಟರು ಅವನನ್ನು ಕೂರಿಸಿದಳು, ನಿಲ್ಲಿಸಿದಳು, ಗೋಡೆ ಹಿಡಿದು ನಡೆಸಿದಳು. ಇವತ್ತು ಯಾವ ವಾರ, ನೂರರಿಂದ ಹಿಂದಕ್ಕೆ ಎಣಿಸಿ, ಈ ಚಿತ್ರದಲ್ಲಿ ಏನಿದೆ ಎಂದು ಕೇಳಿದಳು. ಎಲ್ಲದಕ್ಕೂ ಸರಿಯಾಗಿ ಉತ್ತರ ಹೇಳುತ್ತಿದ್ದ. ಕೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಹೇಳುತ್ತಿರಲಿಲ್ಲ. ವಾರ್ಡಿನಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಒಮ್ಮೆ ಊಟದ ತಟ್ಟೆ ಬಡಿದ ಸದ್ದಿಗೆ ತಟ್ಟೆಯನ್ನೇ ಕಿತ್ತು ಎಸೆದ. ಆಮೇಲೆ ತಾನೇ ಕೂತು ನೆಲ ಒರೆಸಿದ.

ಮನೆಗೆ ಕಳಿಸುವ ದಿನ ಅರೆ ಡಾಕ್ಟರು ಹೆಂಡತಿಯನ್ನು ಕೂರಿಸಿಕೊಂಡು ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಫಿಟ್ಸ್ ಬರದ ಹಾಗೆ ಮಾತ್ರೆ ತಪ್ಪಿಸಬಾರದು. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಳ್ಳಲು ಬಿಡಬಾರದು. ಇಬ್ಬರು ಒಟ್ಟಿಗೆ ಮಾತಾಡಿಸಬಾರದು. ನಿದ್ದೆ ಬಂದಾಗ ಎಬ್ಬಿಸಬಾರದು. ಸಿಟ್ಟು ಬಂದರೆ ವಾದ ಮಾಡದೆ ಪಕ್ಕಕ್ಕೆ ಸರಿಯಬೇಕು. ಕೊನೆಗೆ, ನೋಡಿ ಸ್ವಭಾವದಲ್ಲಿ ಕೂಡ ಸ್ವಲ್ಪ... ಎಂದು ಅವಳು ಶುರುಮಾಡಿದ್ದಳು. ಅಷ್ಟರಲ್ಲಿ ಹೆಂಡತಿ, ಇದೆಲ್ಲ ಸ್ವಲ್ಪ ದಿನ ಅಷ್ಟೇ ಅಲ್ವಾ ಮೇಡಂ, ಆಮೇಲೆ ನೀವೇ ಹೇಳಿದ ಹಾಗೆ ಮೊದಲಿನ ಥರಾನೇ ಎಂದಳು. ಅರೆ ಡಾಕ್ಟರು ಹೌದೆನ್ನಲಿಲ್ಲ. ಇಲ್ಲವೆನ್ನಲೂ ಇಲ್ಲ. ತಲೆ ಒಂದಿಷ್ಟು ಆಡಿಸಿದಳು. ಅದು ಹೌದೆಂದೇ ಲೆಕ್ಕವಾಯಿತು.

ಮನೆಯಲ್ಲಿ ಆ ಹೆಂಗಸು ಒಂದು ದೊಡ್ಡ ಕೆಲಸವನ್ನೇ ಕೈಗೆತ್ತಿಕೊಂಡಳು. ಗಂಡನನ್ನು ಮರಳಿ ತರುವ ಕೆಲಸ. ಅವನ ಹಳೆಯ ತಮಾಷೆಗಳನ್ನೆಲ್ಲ ನೆನಪು ಮಾಡಿಕೊಂಡು ಅವನಿಗೇ ಹೇಳುತ್ತಿದ್ದಳು. ಅರ್ಧ ಹೇಳಿ ನಿಲ್ಲಿಸಿ, ಮುಂದೆ ನೀವು ಹೇಳಿ ಎನ್ನುತ್ತಿದ್ದಳು. ಅವನು ಹೇಳುತ್ತಿದ್ದ, ಪಾಠ ಒಪ್ಪಿಸುವ ಹಾಗೆ. ಅವಳು ನಗುತ್ತಿದ್ದಳು, ಅವನು ಅವಳ ನಗುವನ್ನು ನೋಡುತ್ತ ಕೂರುತ್ತಿದ್ದ. ರಜೆಯ ದಿನ ಡಿಪೋದ ಗೆಳೆಯರನ್ನು ಮನೆಗೆ ಕರೆಸಿದಳು. ಅವರು ಕೂಡಿ ಗದ್ದಲ ಮಾಡಿ ನಗುತ್ತಿದ್ದಾಗ ಅವನು ಎದ್ದು ಹೋಗಿ ಮಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡ. ಅಪ್ಪಾ ಎಂದು ಮಗಳು ಒಳಗೆ ಹೋದಳು. ಎಷ್ಟೋ ಹೊತ್ತಿನ ಮೇಲೆ ಹೆಂಡತಿ ಬಾಗಿಲು ತೆಗೆದು ನೋಡಿದಾಗ ಮಗಳು ಶಾಲೆಯ ಜಗಳವೊಂದನ್ನು ಉದ್ದಕ್ಕೆ ಹೇಳುತ್ತಿದ್ದಳು, ಅವನು ತುಟಿ ಪಿಟಕ್ಕೆನ್ನದೆ ಕೇಳುತ್ತಿದ್ದ.

ಇದೆಲ್ಲ ಅರೆ ಡಾಕ್ಟರಿಗೆ ತಿಳಿದದ್ದು ಅವರು ತಪಾಸಣೆಗೆ ಬಂದಾಗ. ವಾರ್ಡಿನ ಕೆಳಗಿನ ಮಹಡಿಯಲ್ಲಿ ಅವಳದೊಂದು ಚಿಕ್ಕ ಕೋಣೆಯಿತ್ತು. ಒಂದು ಮೇಜು, ತೂಕದ ಯಂತ್ರ, ಹೊರಗಿನ ಗೋಡೆ ಮಾತ್ರ ಕಾಣುವ ಕಿಟಕಿ. ಮನೆಗೆ ಹೋದ ತಲೆಪೆಟ್ಟಿನವರು ಅಲ್ಲಿಗೆ ಬರುತ್ತಿದ್ದರು. ಅವಳು ಚಟಾಕಿಯನ್ನು ಪ್ರಶ್ನೆ ಕೇಳಿದರೆ ಉತ್ತರ ಹೆಂಡತಿಯಿಂದ ಬರುತ್ತಿತ್ತು. ನಿದ್ದೆ ಚೆನ್ನಾಗಿದೆ. ತಲೆನೋವು ಕಡಿಮೆ. ಮೊನ್ನೆ ಒಂದು ಸಲ ನಗು ಬಂದ ಹಾಗಿತ್ತು ಮೇಡಂ, ಇನ್ನೇನು ನಕ್ಕೇಬಿಡ್ತಾರೆ ಅನ್ನಿಸ್ತು ಎಂದು ಅವಳು ಹುರುಪಿನಿಂದ ಹೇಳುವಾಗ ಅವನು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ.

ಒಂದು ಸಲ ಮಗಳೂ ಜೊತೆಗೆ ಬಂದಿದ್ದಳು. ಮನೇಲಿ ಅಪ್ಪ ಹೇಗಿದ್ದಾರೆ ಪುಟ್ಟಿ ಎಂದು ಅರೆ ಡಾಕ್ಟರು ಕೇಳಿದ್ದಕ್ಕೆ ಅವಳು ಯೋಚಿಸಿ, “ಈಗ ನಾನು ಹೇಳೋದನ್ನ ಪೂರ್ತಿ ಕೇಳ್ತಾರೆ. ಮೊದಲು ಮಧ್ಯದಲ್ಲೇ ಜೋಕ್ ಮಾಡ್ತಿದ್ರು” ಎಂದಳು. ತಾಯಿ ಮಗಳ ತೋಳನ್ನು ಮೆಲ್ಲಗೆ ಚಿವುಟಿದ್ದು ಮೇಜಿನ ಈಚೆಯಿಂದ ಕಾಣಿಸಿತು.

ಇನ್ನೊಂದು ಸಲ ಹೆಂಡತಿ ಮಾತ್ರೆಯ ಸಾಲಿನಲ್ಲಿ ನಿಲ್ಲಲು ಹೋಗಿದ್ದಾಗ ಅವನೊಬ್ಬನೇ ಕೋಣೆಯಲ್ಲಿ ಉಳಿದ. ಅರೆ ಡಾಕ್ಟರು ಅವನ ಹಣೆಯ ಗಾಯದ ಗುರುತನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು.

“ನಾನು ಅಷ್ಟೊಂದು ತಮಾಷೆ ಮಾಡ್ತಿದ್ನಾ ಮೇಡಂ?” ಎಂದು ಅವನು ಕೇಳಿದ.

“ಎಲ್ಲರೂ ಹಾಗೇ ಹೇಳ್ತಾರೆ. ನಿಮಗೆ ನೆನಪಿಲ್ವಾ?”

“ನೆನಪಿದೆ. ಏನೇನು ಹೇಳ್ತಿದ್ದೆ ಅನ್ನೋದೆಲ್ಲ ನೆನಪಿದೆ. ಅದರಲ್ಲಿ ನಗೋಂಥದ್ದು ಏನಿತ್ತು ಅಂತ ಗೊತ್ತಾಗಲ್ಲ.” ಬಾಗಿಲ ಕಡೆ ಒಮ್ಮೆ ನೋಡಿ ಮತ್ತೆ ಹೇಳಿದ. “ಮನೇಲಿ ಅವಳು ಯಾರಿಗೋ ಕಾಯ್ತಿದ್ದಾಳೆ. ಅವನ ಜಾಗದಲ್ಲಿ ನಾನು ಕೂತಿದ್ದೀನಿ. ಎದ್ದು ಜಾಗ ಬಿಡೋಣ ಅಂದ್ರೆ ಎಲ್ಲಿಗೆ ಹೋಗ್ಲಿ?”

ಅರೆ ಡಾಕ್ಟರ ಬೆರಳು ಅವನ ಹಣೆಯ ಮೇಲೆ ಹಾಗೇ ನಿಂತಿತು. ಇವತ್ತು ಹೇಳಿಬಿಡಬೇಕು, ಅವಳು ಮಾತ್ರೆ ತಗೊಂಡು ಬರಲಿ, ಇಬ್ಬರನ್ನೂ ಕೂರಿಸಿಕೊಂಡು ಹೇಳಬೇಕು ಎಂದು ನಿಶ್ಚಯ ಮಾಡಿದಳು. ಆದರೆ ಒಳಗೆ ಬಂದ ಹೆಂಡತಿಯ ಕೈಯಲ್ಲಿ ಮಾತ್ರೆಯ ಜೊತೆ ಒಂದು ಹೊಸ ಸಮವಸ್ತ್ರವೂ ಇತ್ತು. ಆಸ್ಪತ್ರೆಗೆ ಬರುವ ದಾರಿಯಲ್ಲಿ ದರ್ಜಿಯ ಹತ್ತಿರ ಇಸಿದುಕೊಂಡು ಬಂದಿದ್ದಳಂತೆ. ಡ್ಯೂಟಿಗೆ ಹೋಗಲಿ ಮೇಡಂ, ಬಸ್ಸು ಹತ್ತಿದರೆ ಎಲ್ಲಾ ತಾನಾಗೇ ಬರುತ್ತೆ, ಮೀನನ್ನ ನೀರಿಗೆ ಬಿಟ್ಟ ಹಾಗೆ ಎಂದಳು. ಅವಳ ಮುಖ ಅಷ್ಟು ದಿನಗಳಲ್ಲಿ ಮೊದಲ ಸಲ ಬೆಳಗಿತ್ತು. ಅರೆ ಡಾಕ್ಟರು ಮಾತನ್ನು ನುಂಗಿಕೊಂಡಳು.

ಅವಳು ಆಗಲೂ ತಡೆಯಬಹುದಿತ್ತು. ಡ್ಯೂಟಿಗೆ ಹೋಗಬಹುದೆಂದು ಹೇಳಬೇಕಾದವರು ದೊಡ್ಡ ಡಾಕ್ಟರು. ಅವರು ಚಟಾಕಿಯನ್ನು ನಿಲ್ಲಿಸಿ, ನಡೆಸಿ, ಕಣ್ಣು ನೋಡಿ, ಹೇಗಿದ್ದಾನೆ ಎಂದು ಕೇಳಿದ್ದು ಇವಳನ್ನೇ. ಗದ್ದಲ ಇಲ್ಲದ ಕೆಲಸ ಕೊಟ್ಟರೆ ಒಳ್ಳೆಯದು ಸರ್ ಎಂದಳು. ಡಿಪೋದಲ್ಲಿ ಅಂಥ ಕೆಲಸ ಇಲ್ಲವಂತೆ, ಕಂಡಕ್ಟರ್ ಕೆಲಸ ಬಿಟ್ಟರೆ ಬೇರೆ ಇಲ್ಲ ಎಂದು ಹೆಂಡತಿ ನಡುವೆ ಹೇಳಿದಳು. ದೊಡ್ಡ ಡಾಕ್ಟರು ಮತ್ತೆ ಇವಳ ಮುಖ ನೋಡಿದರು. ಪರವಾಗಿಲ್ಲ ಸರ್ ಎಂದು ಇವಳ ಬಾಯಿಂದ ಬಂತು.

ಡ್ಯೂಟಿಯ ಮೊದಲ ದಿನ ಬಸ್ಸಿನಲ್ಲಿ ಹಬ್ಬದ ಹಾಗಿತ್ತು. ದಿನದ ಪ್ರಯಾಣಿಕರು ಚಟಾಕಿ ಬಂದ ಎಂದು ಎದ್ದು ನಿಂತು ಚಪ್ಪಾಳೆ ಹೊಡೆದರು. ಒಬ್ಬ, ಏನಪ್ಪಾ ನಿನ್ನ ತಲೆ ಗಟ್ಟಿಯೋ ಕಂಬ ಗಟ್ಟಿಯೋ ಎಂದ. ಎಲ್ಲರೂ ನಕ್ಕು ಅವನ ಮರುಮಾತಿಗೆ ಕಾದರು. ಅವನು ಟಿಕೆಟ್ ಹರಿದು ಕೊಟ್ಟ. ಮುಂದಿನ ಸ್ಟಾಪಿನಲ್ಲಿ ಇನ್ನಷ್ಟು ಜನ ಹತ್ತಿದರು, ಅವರೂ ಅದನ್ನೇ ಕೇಳಿದರು. ಹಿಂದಿನ ಸೀಟಿನಿಂದ ಯಾರೋ ಅವನದೇ ಹಳೆಯ ತಮಾಷೆಯೊಂದನ್ನು ಕೂಗಿ ಹೇಳಿದರು. ಅವನು ಮಾರುಕಟ್ಟೆಯ ತಿರುವಿನಲ್ಲಿ ಸೀಟಿ ಊದಿ ಬಸ್ಸು ನಿಲ್ಲಿಸಿದ. ಹೆಗಲಿನ ಚೀಲ ತೆಗೆದು, ಮುಂದಿನ ಸೀಟಿನಲ್ಲಿದ್ದ ಅಜ್ಜಿಯೊಬ್ಬಳ ತೊಡೆಯ ಮೇಲಿಟ್ಟು, ಇದನ್ನ ಸ್ವಲ್ಪ ನೋಡ್ಕೊಳ್ಳಿ ಎಂದು ಹೇಳಿ ಇಳಿದುಹೋದ. ಜನ ಇದೂ ಒಂದು ತಮಾಷೆ ಎಂದುಕೊಂಡು ಬಹಳ ಹೊತ್ತು ನಗುತ್ತಲೇ ಇದ್ದರಂತೆ.

ಅವನು ನಡೆದುಕೊಂಡೇ ಊರಾಚೆಗಿದ್ದ ತನ್ನ ಅಕ್ಕನ ಮನೆಗೆ ಹೋದ. ಅಕ್ಕ ವಿಧವೆ, ಸಸಿ ಬೆಳೆಸಿ ಮಾರುವ ನರ್ಸರಿ ಇಟ್ಟುಕೊಂಡಿದ್ದಳು. ತಮ್ಮ ಸಮವಸ್ತ್ರದಲ್ಲಿ ಬಂದು ಬಾಗಿಲಲ್ಲಿ ನಿಂತದ್ದನ್ನು ನೋಡಿ ಅವಳು ಏನನ್ನೂ ಕೇಳಲಿಲ್ಲ. ಕಾಲು ತೊಳ್ಕೊ ಎಂದಳು. ಅವನು ಅಲ್ಲೇ ಉಳಿದ.

ಹೆಂಡತಿ ಎರಡು ಮೂರು ಸಲ ಹೋಗಿ ಕರೆದಳು. ಹೋದ ಪುಟ್ಟ ಬಂದ ಪುಟ್ಟ ಎನ್ನುವಂತಾಯಿತು. ಕೊನೆಗೆ ಒಂದು ಮಧ್ಯಾಹ್ನ ಅರೆ ಡಾಕ್ಟರ ಕೋಣೆಗೆ ಬಂದು, ರೋಗಿ ಕೂರುವ ಕುರ್ಚಿಯಲ್ಲಿ ತಾನೇ ಕೂತಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಅರೆ ಡಾಕ್ಟರಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

“ನಿಮಗೆ ಮೊದಲೇ ಗೊತ್ತಿತ್ತಾ?” ಎಂದು ಕೇಳಿದಳು.

“ಹೀಗಾಗಬಹುದು ಅಂತ ಗೊತ್ತಿತ್ತು.”

“ಮತ್ತೆ ಯಾಕೆ ಹಾಗೆ ಹೇಳಿದ್ರಿ?”

“ನಿಮ್ಮ ಮುಖ ನೋಡಿ ಹೇಳ್ಬಿಟ್ಟೆ. ಆಮೇಲೆ ತಿದ್ದೋಕೆ ಧೈರ್ಯ ಬರ್ಲಿಲ್ಲ.”

ಆ ಹೆಂಗಸು ಮೇಜಿನ ಅಂಚನ್ನು ಗಾಜು ಉಜ್ಜುವ ಹಾಗೆ ಹೆಬ್ಬೆರಳಿನಿಂದ ಉಜ್ಜುತ್ತ ಕೂತಳು. “ಆಸ್ಪತ್ರೆಯಿಂದ ಬಂದಮೇಲೆ ಅವರು ಮಗಳ ತಲೆ ಬಾಚೋಕೆ ಕಲಿತಿದ್ರು” ಎಂದಳು. “ಜಡೆ ಹಾಕೋಕೆ ಬರ್ತಿರ್ಲಿಲ್ಲ, ದಿನಾ ಹಾಕಿ ಹಾಕಿ ಕಲಿತರು. ನಾನು ಅಂಗಡಿಯಿಂದ ಬಂದ್ರೆ ಬಾಗಿಲು ತೆಗೆದು ಕೈಯಿಂದ ಚೀಲ ಇಸ್ಕೊಳ್ತಿದ್ರು. ಹದಿನೈದು ವರ್ಷದಲ್ಲಿ ಒಂದು ದಿನಾನೂ ಹಾಗೆ ಮಾಡಿದೋರಲ್ಲ. ನಾನು ಚೀಲ ಕೊಟ್ಟು ಮುಖ ನೋಡ್ತಿದ್ದೆ, ಇವತ್ತಾದ್ರೂ ನಗ್ತಾರಾ ಅಂತ. ಮನೇಲಿ ಇದ್ದೋರನ್ನ ನಾನು ನೋಡ್ಲೇ ಇಲ್ಲ. ನೀವು ಒಂದು ಮಾತು ಹೇಳಿದ್ರೆ ನೋಡ್ತಿದ್ನೋ ಏನೋ.”

ಅರೆ ಡಾಕ್ಟರು ತಪ್ಪಾಯಿತು ಎಂದಳು. ಆ ಹೆಂಗಸು, ಒಂದು ದಿನ ನೀವೂ ನನ್ನ ಜೊತೆ ಬನ್ನಿ, ನಿಮ್ಮ ಮಾತು ಕೇಳ್ತಾರೆ ಎಂದಳು.

ಅಂದು ಸಂಜೆ ಅರೆ ಡಾಕ್ಟರು ದೊಡ್ಡ ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದಳು. ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಕಷ್ಟದ ಮಾತನ್ನೆಲ್ಲ ನಿನ್ನ ತಲೆಗೆ ಕಟ್ಟಿ ನಾನು ಮುಂದಿನ ಆಪರೇಷನ್ನಿಗೆ ಓಡ್ತಿದ್ದೆ. ಒಂದು ದಿನಾನೂ ನಿಂತು, ನೀನು ಅವರಿಗೆ ಏನು ಹೇಳ್ತೀಯ ಅಂತ ಕೇಳಿಸ್ಕೊಳ್ಲಿಲ್ಲ” ಎಂದರು. ಅವರ ಆ ಮಾತು ಅವಳ ಭಾರವನ್ನು ಇಳಿಸಲಿಲ್ಲ. ಹೊರುವವರು ಇಬ್ಬರಾದರು, ಅಷ್ಟೇ.

ರಜೆಯ ದಿನ ನೋಡಿಕೊಂಡು ಅವಳು ಆ ಹೆಂಗಸಿನ ಜೊತೆ ನರ್ಸರಿಗೆ ಹೋದಳು. ಹಸಿರು ಬಲೆಯ ಚಪ್ಪರದ ಕೆಳಗೆ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸಸಿಗಳು ಸಾಲಾಗಿ ನಿಂತಿದ್ದವು. ಚಟಾಕಿ ಕಾಲು ಚಾಚಿ ನೆಲದ ಮೇಲೆ ಕೂತು ಚೀಲಕ್ಕೆ ಮಣ್ಣು ತುಂಬುತ್ತಿದ್ದ. ಮಣ್ಣು ತುಂಬಿ, ಎರಡು ಸಲ ನೆಲಕ್ಕೆ ಕುಟ್ಟಿ ಕೂರಿಸಿ, ನಡುವೆ ಬೆರಳಿನಿಂದ ಗುಳಿ ಮಾಡುತ್ತಿದ್ದ. ಸಮವಸ್ತ್ರದ ಪ್ಯಾಂಟನ್ನೇ ಮೊಣಕಾಲಿನವರೆಗೆ ಮಡಿಚಿದ್ದ. ಇವರನ್ನು ನೋಡಿ ಎದ್ದು ಕೈ ಒರೆಸಿಕೊಂಡು, ಬಿಸಿಲಲ್ಲಿ ಬಂದಿದ್ದೀರಿ, ನೆರಳಿಗೆ ಬನ್ನಿ ಎಂದ. ಅಕ್ಕ ನೀರು ತಂದಿಟ್ಟು, ಮಾತಾಡಿಕೊಳ್ಳಲಿ ಎಂದು ಬಾವಿಯ ಕಡೆ ಹೋದಳು.

ಅರೆ ಡಾಕ್ಟರು ಅಂದು ಹೇಳದೆ ಉಳಿಸಿಕೊಂಡಿದ್ದನ್ನು ಇಬ್ಬರ ಮುಂದೆಯೂ ಹೇಳಿದಳು. ಹಣೆಯ ಹಿಂದಿನ ಪೆಟ್ಟು ಸ್ವಭಾವವನ್ನು ಬದಲಿಸುತ್ತದೆ, ಇದರಲ್ಲಿ ಅವರ ಹಟವಿಲ್ಲ, ನಿಮ್ಮ ತಪ್ಪಿಲ್ಲ, ಹೋದದ್ದರಲ್ಲಿ ಸ್ವಲ್ಪ ಬರಬಹುದು, ಬಹಳಷ್ಟು ಬರದಿರಬಹುದು, ಇದನ್ನು ಮೊದಲ ದಿನವೇ ಹೇಳಬೇಕಾಗಿತ್ತು ಎಂದಳು. ಚಟಾಕಿ ಗಮನವಿಟ್ಟು ಕೇಳಿದ. ಕೇಳಿ, ಹೌದು ಎಂದ, ಯಾರೋ ಕೊನೆಗೂ ತನ್ನ ಮನೆಯ ವಿಳಾಸವನ್ನು ಸರಿಯಾಗಿ ಹೇಳಿದರು ಎನ್ನುವವನಂತೆ.

ಹೆಂಡತಿ ಅವನ ಪಕ್ಕ ನೆಲದ ಮೇಲೆ ಕೂತಳು. “ಮನೆಗೆ ಬನ್ನಿ. ನಾನಿನ್ನು ಏನೂ ಕೇಳಲ್ಲ.”

“ಬಾಯಲ್ಲಿ ಕೇಳಲ್ಲ” ಎಂದ ಅವನು. “ಕಣ್ಣಲ್ಲಿ ಕೇಳ್ತೀಯ.”

“ಇಲ್ಲ ಅಂದ್ನಲ್ಲ.”

“ನೀನು ಬೇಕಂತ ಮಾಡಲ್ಲ, ನಂಗೊತ್ತು. ಬಾಗಿಲು ತೆಗೆದಾಗ ನೀನು ನನ್ನ ಹಿಂದೆ ಯಾರಿದ್ದಾರೆ ಅಂತ ನೋಡ್ತೀಯ. ನನಗೆ ಅದು ತಡ್ಕೊಳ್ಳೋಕೆ ಆಗಲ್ಲ ಕಣೇ.”

ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಅತ್ತಳು. ಅವನು ಅವಳ ಬೆನ್ನ ಮೇಲೆ ಕೈಯಿಡಲು ಹೋಗಿ, ಅಂಗೈಯ ಮಣ್ಣು ನೋಡಿಕೊಂಡು, ಮುಂಗೈಯನ್ನು ಇಟ್ಟ. ಅರೆ ಡಾಕ್ಟರು ಎದ್ದು ಸಸಿಗಳ ಸಾಲಿನ ಆ ತುದಿಗೆ ಹೋಗಿ ನಿಂತಳು. ಒಂದು ಮಾತನ್ನು ತಡವಾಗಿ ಹೇಳಿದರೆ ಅದು ನಿಜವಾಗಿಯೇ ಇರುತ್ತದೆ, ಕೆಲಸಕ್ಕೆ ಬರುವುದಿಲ್ಲ ಎಂದು ಅವಳಿಗೆ ಅಲ್ಲಿ ನಿಂತಾಗ ಹೊಳೆಯಿತು.

ಅವನು ಮನೆಗೆ ಬರಲಿಲ್ಲ. ಜಗಳವಾಗಲಿ ಕೋರ್ಟಾಗಲಿ ಆಗಲಿಲ್ಲ. ಎರಡು ಮನೆಯಾಯಿತು. ಮಗಳು ಶಾಲೆಗೆ ರಜೆಯಿದ್ದಾಗಲೆಲ್ಲ ನರ್ಸರಿಯಲ್ಲಿ ಇರುತ್ತಿದ್ದಳು. ಹೆಂಡತಿ ಅವಳನ್ನು ಬಿಡಲು ಹೋದವಳು ಮೊದಮೊದಲು ಬಾಗಿಲಿನಿಂದಲೇ ಹಿಂದಿರುಗುತ್ತಿದ್ದಳು, ಆಮೇಲೆ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತು ಮಣ್ಣು ತುಂಬಿಸಿ ಬರತೊಡಗಿದಳು. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ, ಆದರೆ ಈಗ ಅಮ್ಮ ಅಳುವುದಿಲ್ಲ ಎಂದು ಮಗಳು ಒಮ್ಮೆ ಸಿಕ್ಕಾಗ ಹೇಳಿದ್ದಳು. ಅದರಲ್ಲಿ ಸಮಾಧಾನವಿತ್ತೋ ಸೋಲಿತ್ತೋ ಅರೆ ಡಾಕ್ಟರಿಗೆ ತಿಳಿಯಲಿಲ್ಲ. ಮೊದಲಿನಿಂದಲೇ ಹೀಗೆ ಕೂತಿದ್ದರೆ ಒಂದೇ ಮನೆಯಲ್ಲಿ ಕೂರಬಹುದಿತ್ತಲ್ಲ ಎಂಬ ಯೋಚನೆ ಮಾತ್ರ ಅವಳನ್ನು ಬಿಡಲಿಲ್ಲ.

ವಾರ್ಡಿನಲ್ಲಿ ಒಂದು ಬದಲಾವಣೆಯಾಯಿತು. ದೊಡ್ಡ ಡಾಕ್ಟರು ಈಗ ಆಪರೇಷನ್ ಮುಗಿದ ಮೇಲೆ ಒಂದು ಕುರ್ಚಿ ಎಳೆದುಕೊಂಡು ಮನೆಯವರ ಮುಂದೆ ಕೂರುತ್ತಿದ್ದರು, ಅರೆ ಡಾಕ್ಟರು ಪಕ್ಕದಲ್ಲಿರುತ್ತಿದ್ದಳು. ಗೊತ್ತಿದ್ದದ್ದನ್ನು ಗೊತ್ತಿದೆ ಎಂದೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ ಇಬ್ಬರೂ ಹೇಳುತ್ತಿದ್ದರು. ಕೇಳಿದವರೆಲ್ಲ ಇದಕ್ಕೆ ಕೈ ಮುಗಿಯಲಿಲ್ಲ. ಒಬ್ಬ ತಂದೆ ಅವಳನ್ನು ಕಲ್ಲೆದೆಯವಳು ಎಂದ. ಅವನ ಮಗ ಪೂರ್ತಿ ಗುಣವಾಗಿ ಮನೆಗೆ ಹೋದ ಮೇಲೂ ಆ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳೂ ಅವನ ಮನಸ್ಸು ಬದಲಿಸಲು ಹೋಗಲಿಲ್ಲ.

ಚಟಾಕಿ ತಪಾಸಣೆಗೆ ತಪ್ಪದೆ ಬರುತ್ತಿದ್ದ, ಈಗ ಒಬ್ಬನೇ. ಪ್ರಶ್ನೆಗೆ ತಾನೇ ಉತ್ತರ ಹೇಳುತ್ತಿದ್ದ. ಕೊನೆಯ ಸಲ ಬಂದಾಗ ಫಿಟ್ಸಿನ ಮಾತ್ರೆಯನ್ನು ನಿಲ್ಲಿಸಬಹುದೆಂದು ದೊಡ್ಡ ಡಾಕ್ಟರು ಹೇಳಿದ್ದರು. ಅರೆ ಡಾಕ್ಟರು ಅದನ್ನು ಅವನಿಗೆ ವಿವರಿಸಿ, ಇನ್ನು ಬರುವ ಅಗತ್ಯವಿಲ್ಲ ಎಂದಳು. ಅವನು ಏಳಲಿಲ್ಲ.

“ಇಲ್ಲಿಗೆ ಬರೋದು ನನಗೆ ಹಗುರ ಅನ್ನಿಸ್ತಿತ್ತು” ಎಂದ. “ಯಾಕೆ ಅಂತ ಯೋಚನೆ ಮಾಡ್ದೆ. ನೀವು ಮೊದಲಿನ ನನ್ನನ್ನ ನೋಡೇ ಇಲ್ಲ. ನೀವು ನೋಡಿರೋದು ನನ್ನನ್ನೇ.”

ಅವಳು, ಬೇಕೆನಿಸಿದಾಗ ಬನ್ನಿ, ಮಾತ್ರೆ ಇಲ್ಲದಿದ್ದರೂ ಬರಬಹುದು ಎಂದಳು. ಅವನು ತಲೆಯಾಡಿಸಿ, ಅಕ್ಕ ಕಾಯ್ತಿರ್ತಾಳೆ ಎಂದು ಎದ್ದ. ಬಾಗಿಲ ಹೊರಗೆ ಮುಂದಿನ ರೋಗಿ, ತೋಳು ಹಿಡಿದು ನಡೆಸುತ್ತಿದ್ದ ತನ್ನ ಹೆಂಡತಿಯ ಜೊತೆ ಬರುತ್ತಿದ್ದ. ಚಟಾಕಿ ಅವರಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತ, ಅವರು ಒಳಗೆ ಹೋಗುವವರೆಗೂ ನೋಡುತ್ತಿದ್ದ, ಆಮೇಲೆ ಮೆಟ್ಟಿಲಿಳಿದು ಹೋದ.